ಸಂಬಳದವರ ಖರ್ಚು, ಕನ್ಸಲ್ಟೆಂಟರ ಖರ್ಚು: ತೆರಿಗೆಯಲ್ಲಿ ಯಾವುದು ಕಳೆಯುತ್ತದೆ?

ಪ್ರಶ್ನೆ: ನಾವು ದಾವಣಗೆರೆಯ ವಿದ್ಯಾನಗರದಲ್ಲಿರುವ ದಂಪತಿ. ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಗೆ ಮನೆಯಿಂದಲೇ ಟೆಸ್ಟಿಂಗ್ ಕೆಲಸ ಮಾಡಿಕೊಡುತ್ತೇನೆ. 2025ರ ಜುಲೈವರೆಗೆ ತಿಂಗಳಿಗೆ 1,10,000 ರೂಪಾಯಿ ಸಂಬಳದ ನೌಕರಳಾಗಿದ್ದೆ. ಆಗಸ್ಟ್‌ನಿಂದ ಕಂಪನಿಯು ನನ್ನನ್ನು ಕನ್ಸಲ್ಟೆಂಟ್ ಎಂದು ಬದಲಾಯಿಸಿ ತಿಂಗಳಿಗೆ 1,40,000 ರೂಪಾಯಿ ಕೊಡುತ್ತಿದೆ, ಶೇ 10ರಷ್ಟು ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತಿದೆ. ಕೆಲಸ, ಮ್ಯಾನೇಜರ್, ಸಮಯ ಎಲ್ಲವೂ ಮೊದಲಿನಂತೆಯೇ ಇವೆ. ನವೆಂಬರ್ ಕೊನೆಯಲ್ಲಿ 85,000 ರೂಪಾಯಿಯ ಲ್ಯಾಪ್‌ಟಾಪನ್ನು ಕಾರ್ಡ್ ಮೂಲಕವೂ, 28,000 ರೂಪಾಯಿಯ ಇನ್ವರ್ಟರನ್ನು ನಗದು ಕೊಟ್ಟೂ ಖರೀದಿಸಿದೆ. ದಿನವಿಡೀ ಪರದೆ ನೋಡುವ ಕಾರಣ ಕನ್ನಡಕವೂ ಬಂತು. ನನ್ನ ಯಜಮಾನರು ಔಷಧ ಕಂಪನಿಯೊಂದರ ಏರಿಯಾ ಮ್ಯಾನೇಜರ್; ಸ್ವಂತ ಕಾರಿನಲ್ಲಿ ಹರಿಹರ, ಚನ್ನಗಿರಿ, ಹೊಳಲ್ಕೆರೆ, ಚಿತ್ರದುರ್ಗ ಸುತ್ತುತ್ತಾರೆ. ಅವರ ವಾರ್ಷಿಕ ಸಂಬಳ 14 ಲಕ್ಷ ರೂಪಾಯಿ. ಅದರಲ್ಲಿ ತಿಂಗಳಿಗೆ 10,000 ರೂಪಾಯಿ ಕನ್ವೇಯನ್ಸ್ ಎಂದಿದೆ, ಆದರೆ ಕಂಪನಿ ಕೊಡುವ ಸಂಬಳ-ತೆರಿಗೆಯ ಪ್ರಮಾಣಪತ್ರವಾದ ಫಾರ್ಮ್ 16ರಲ್ಲಿ ಅದಕ್ಕೂ ತೆರಿಗೆ ಹಾಕಿದ್ದಾರೆ. ಕಳೆದ ವರ್ಷ ಅವರ ರಿಟರ್ನ್ ತುಂಬಿಕೊಟ್ಟವರು ಪೆಟ್ರೋಲ್, ಮೊಬೈಲ್, ಬಟ್ಟೆಯ ಹೆಸರಿನಲ್ಲಿ ಏನೇನೋ ಕಡಿತ ತೋರಿಸಿ ರಿಫಂಡ್ ತರಿಸಿಕೊಟ್ಟರು. ಈಗ ನಮಗೆ ಭಯವಾಗುತ್ತಿದೆ. ಇಬ್ಬರೂ ಕೆಲಸಕ್ಕಾಗಿಯೇ ಖರ್ಚು ಮಾಡುತ್ತಿರುವಾಗ ನನಗೆ ಸಿಗುವ ಕಡಿತ ಅವರಿಗೆ ಏಕೆ ಸಿಗುವುದಿಲ್ಲ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಆತಂಕಗಳಿವೆ. ನೀವು ಈಗ ಮಾಡುತ್ತಿರುವ ಖರ್ಚುಗಳನ್ನು ಹೇಗೆ ತೋರಿಸಬೇಕು ಎಂಬುದು ಒಂದು, ನಿಮ್ಮ ಯಜಮಾನರ ಪ್ರಯಾಣದ ಖರ್ಚಿಗೆ ಕಾನೂನಿನಲ್ಲಿ ಜಾಗವೇ ಇಲ್ಲವೇ ಎಂಬುದು ಇನ್ನೊಂದು, ಕಳೆದ ವರ್ಷದ ರಿಟರ್ನಿನಿಂದ ತೊಂದರೆ ಬರುತ್ತದೆಯೇ ಎಂಬುದು ಮೂರನೆಯದು. ಪತ್ರದಲ್ಲಿ ಕೊನೆಗೆ ಬಂದಿದ್ದರೂ ಮೂರನೆಯದೇ ಹೆಚ್ಚು ತುರ್ತಿನದು. ಆದರೆ ಮೊದಲಿನ ಎರಡು ಸ್ಪಷ್ಟವಾದರೆ ಆ ರಿಟರ್ನಿನಲ್ಲಿ ಏನು ತಪ್ಪಾಗಿದೆ ಎಂಬುದು ನಿಮಗೇ ತಿಳಿಯುತ್ತದೆ. ಕಳೆದ ಮಾರ್ಚ್ 31ಕ್ಕೆ ಮುಗಿದ 2025-26ನೇ ಆರ್ಥಿಕ ವರ್ಷಕ್ಕೆ 1961ರ ಆದಾಯ ತೆರಿಗೆ ಕಾಯ್ದೆಯೇ ಅನ್ವಯಿಸುವುದರಿಂದ ಇಲ್ಲಿ ಅದರ ಕಲಮುಗಳನ್ನೇ ಹೇಳುತ್ತೇನೆ. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ 2025ರ ಹೊಸ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆ, ಆದರೆ ಇಲ್ಲಿ ವಿವರಿಸುವ ಮೂಲ ವ್ಯವಸ್ಥೆ ಮುಂದುವರಿದಿದೆ.

ನನ್ನ ಕಚೇರಿಗೆ ಬರುವ ಬಹುಪಾಲು ಜನ ಬಿಲ್ಲುಗಳ ಕಟ್ಟನ್ನು ಮೇಜಿನ ಮೇಲಿಟ್ಟು, ಇವೆಲ್ಲ ನಿಜವಾದ ಖರ್ಚುಗಳು, ಸುಳ್ಳು ಒಂದೂ ಇಲ್ಲ ಎನ್ನುತ್ತಾರೆ. ಅವರ ಮಾತು ಸತ್ಯವೇ. ಆದರೆ ಖರ್ಚು ನಿಜವೇ ಎಂದು ನೋಡುವ ಮೊದಲು ಕಾನೂನು ಬೇರೊಂದನ್ನು ಕೇಳುತ್ತದೆ: ಆ ಖರ್ಚಿನಿಂದ ಬಂದ ಆದಾಯ ಯಾವ ಬಾಬ್ತಿಗೆ ಸೇರಿದ್ದು? ಸಂಬಳದ ಬಾಬ್ತಿಗೆ ಸೇರಿದ್ದರೆ ಕಲಂ 16ರಲ್ಲಿ ಹೇಳಿದ ಕಡಿತಗಳನ್ನು ಬಿಟ್ಟು ಬೇರೇನನ್ನೂ ಕಳೆಯುವಂತಿಲ್ಲ. ವ್ಯಾಪಾರ ಅಥವಾ ವೃತ್ತಿಯ ಬಾಬ್ತಿಗೆ ಸೇರಿದ್ದರೆ ಕಲಂ 30ರಿಂದ 37ರವರೆಗಿನ ವಿಶಾಲ ವ್ಯವಸ್ಥೆ ತೆರೆದುಕೊಳ್ಳುತ್ತದೆ. ಒಂದೇ ಬಗೆಯ ಲ್ಯಾಪ್‌ಟಾಪನ್ನು ಒಂದೇ ಅಂಗಡಿಯಲ್ಲಿ ನೀವೂ ನಿಮ್ಮ ಯಜಮಾನರೂ ಖರೀದಿಸಿದರೂ ನಿಮ್ಮದಕ್ಕೆ ಲೆಕ್ಕದಲ್ಲಿ ಜಾಗವಿದೆ, ಅವರದಕ್ಕಿಲ್ಲ.

ಇದು ಅನ್ಯಾಯವೆಂದು ತೋರುವುದು ಸಹಜ. ಹಿಂದೆ ಹೀಗಿರಲಿಲ್ಲ, ನೌಕರರೂ ಪುಸ್ತಕಕ್ಕೆ, ಕೆಲಸಕ್ಕೆ ಬಳಸುವ ವಾಹನಕ್ಕೆ, ಕರ್ತವ್ಯಕ್ಕೆ ಅಗತ್ಯವಾಗಿ ಮಾಡಿದ ಖರ್ಚಿಗೆ ಪ್ರತ್ಯೇಕವಾಗಿ ಕಡಿತ ಕೇಳಬಹುದಿತ್ತು. ಲಕ್ಷಾಂತರ ನೌಕರರ ಸಣ್ಣಪುಟ್ಟ ಚೀಟಿಗಳನ್ನು ಪರಿಶೀಲಿಸುವುದು ಇಲಾಖೆಗೂ ಜನರಿಗೂ ಹೊರೆಯಾದ್ದರಿಂದ 1974ರ ಹಣಕಾಸು ಕಾಯ್ದೆಯು ಅವುಗಳ ಬದಲಿಗೆ ಒಂದೇ ಒಂದು ಪ್ರಮಾಣಿತ ಕಡಿತವನ್ನು ತಂದಿತು. ನಡುವೆ 2005ರಲ್ಲಿ ಅದನ್ನೂ ತೆಗೆದುಹಾಕಲಾಯಿತು. 2018ರ ಬಜೆಟ್‌ನಲ್ಲಿ 40,000 ರೂಪಾಯಿಯಾಗಿ ಮರಳಿದ ಅದು ಈಗ ವಿನಾಯಿತಿಗಳು ಹೆಚ್ಚಿರುವ ಹಳೆಯ ತೆರಿಗೆ ಪದ್ಧತಿಯಲ್ಲಿ 50,000, ವಿನಾಯಿತಿಗಳು ಕಡಿಮೆಯಿರುವ ಹೊಸ ಪದ್ಧತಿಯಲ್ಲಿ 75,000 ರೂಪಾಯಿಯಷ್ಟಿದೆ. ಮನೆಯಿಂದ ಕಚೇರಿಗೆ ಹೋಗಿಬರುವ ಪೆಟ್ರೋಲ್, ಬಟ್ಟೆ, ಬೂಟು, ಮೊಬೈಲ್ ರೀಚಾರ್ಜ್ ಎಲ್ಲವೂ ಆ ಮೊತ್ತದಲ್ಲಿ ಅಡಕವಾಗಿವೆ ಎಂಬುದು ಕಾನೂನಿನ ಭಾವನೆ. ಬಿಲ್ ಇಲ್ಲದಿದ್ದರೂ ಅಷ್ಟು ಸಿಗುತ್ತದೆ, ಬಿಲ್ ಎಷ್ಟಿದ್ದರೂ ಅದಕ್ಕಿಂತ ಹೆಚ್ಚು ಸಿಗುವುದಿಲ್ಲ. ಕರ್ನಾಟಕದಲ್ಲಿ ನೌಕರರು ವರ್ಷಕ್ಕೆ ಕಟ್ಟುವ 2,500 ರೂಪಾಯಿ ವೃತ್ತಿ ತೆರಿಗೆಯನ್ನು ಕೂಡ ಹಳೆಯ ಪದ್ಧತಿಯಲ್ಲಿ ಮಾತ್ರ ಕಳೆಯಬಹುದು.

ಹಾಗಾದರೆ ನೌಕರರಿಗೆ ದಾರಿಯೇ ಇಲ್ಲವೇ? ಇದೆ, ಆದರೆ ಅದು ರಿಟರ್ನಿನಲ್ಲಿ ಆರಂಭವಾಗುವುದಿಲ್ಲ, ಕಂಪನಿಯ ಎಚ್‌ಆರ್ ವಿಭಾಗದಲ್ಲಿ ಆರಂಭವಾಗುತ್ತದೆ. ಕರ್ತವ್ಯ ನಿರ್ವಹಣೆಗೆಂದೇ ಕೊಟ್ಟ ಪ್ರಯಾಣ ಭತ್ಯೆ, ಪ್ರವಾಸದ ದಿನಭತ್ಯೆ, ಕನ್ವೇಯನ್ಸ್ ಭತ್ಯೆಗಳಿಗೆ ಕಲಂ 10(14)ರ ಅಡಿ, ವಾಸ್ತವವಾಗಿ ಖರ್ಚಾದ ಮಟ್ಟಿಗೆ, ತೆರಿಗೆ ಇಲ್ಲ. ಹೊಸ ಪದ್ಧತಿಯಲ್ಲಿ ಬಹಳಷ್ಟು ವಿನಾಯಿತಿಗಳು ಹೋದರೂ ಈ ಮೂರು ಉಳಿದಿವೆ ಎಂಬುದು ಅನೇಕ ಸಂಬಳ ವಿಭಾಗಗಳಿಗೇ ತಿಳಿದಿರುವುದಿಲ್ಲ. ಸಮವಸ್ತ್ರ ಭತ್ಯೆ, ಸಹಾಯಕರ ಭತ್ಯೆಗಳು ಮಾತ್ರ ಹೊಸ ಪದ್ಧತಿಯಲ್ಲಿ ಸಿಗುವುದಿಲ್ಲ. ಹಾಗೆಯೇ ಕಂಪನಿಯೇ ಭರಿಸುವ ಮೊಬೈಲ್ ಬಿಲ್ಲಿಗೆ, ಬಳಕೆಗೆಂದು ಕೊಟ್ಟ ಲ್ಯಾಪ್‌ಟಾಪಿಗೆ ನೌಕರರು ತೆರಿಗೆ ಕಟ್ಟಬೇಕಿಲ್ಲ.

ನಿಮ್ಮ ಯಜಮಾನರ ವಿಷಯದಲ್ಲಿ ಇದರಿಂದ ಎಷ್ಟು ವ್ಯತ್ಯಾಸವಾಗುತ್ತದೆಂದು ನೋಡಿ. ಈಗಿರುವಂತೆ 14 ಲಕ್ಷ ಪೂರ್ತಿಯಾಗಿ ತೆರಿಗೆಗೆ ಒಳಪಟ್ಟರೆ, ಹೊಸ ಪದ್ಧತಿಯಲ್ಲಿ 75,000 ಕಳೆದು 13,25,000 ರೂಪಾಯಿ ಉಳಿಯುತ್ತದೆ. ಅದಕ್ಕೆ ಸೆಸ್ ಸೇರಿ 81,900 ರೂಪಾಯಿ ತೆರಿಗೆ. ಕನ್ವೇಯನ್ಸ್‌ನ 1,20,000 ರೂಪಾಯಿಯೂ ನಿಜವಾಗಿ ಕಂಪನಿಯ ಕೆಲಸದ ಸುತ್ತಾಟಕ್ಕೇ ಖರ್ಚಾಗಿದ್ದು ವಿನಾಯಿತಿ ಸಿಕ್ಕರೆ ಆದಾಯ 12,05,000ಕ್ಕೆ ಇಳಿಯುತ್ತದೆ. 12 ಲಕ್ಷದವರೆಗೆ ಪೂರ್ಣ ರಿಯಾಯಿತಿ ಇರುವುದರಿಂದಲೂ, ಆ ಗಡಿಯನ್ನು ಸ್ವಲ್ಪವೇ ದಾಟಿದವರ ತೆರಿಗೆ ದಾಟಿದ ಮೊತ್ತವನ್ನು ಮೀರಬಾರದೆಂಬ ನಿಯಮ ಇರುವುದರಿಂದಲೂ, ಅವರು ಕಟ್ಟಬೇಕಾದ್ದು 5,000 ರೂಪಾಯಿ ಮತ್ತು ಅದರ ಮೇಲೆ 200 ರೂಪಾಯಿ ಸೆಸ್ ಅಷ್ಟೇ. ಎಲ್ಲರಿಗೂ ಇಷ್ಟು ದೊಡ್ಡ ಅಂತರ ಬರುವುದಿಲ್ಲ. 12 ಲಕ್ಷದ ಆಸುಪಾಸಿನಲ್ಲಿರುವವರಿಗೆ ಮಾತ್ರ ಹೀಗಾಗುತ್ತದೆ. ಆದ್ದರಿಂದ ಈ ಭತ್ಯೆಯ ವಿಷಯವನ್ನು ಅವರು ಹಗುರವಾಗಿ ಬಿಡಬಾರದು.

ಕಂಪನಿ ಅದಕ್ಕೂ ತೆರಿಗೆ ಹಾಕಿದ್ದೇಕೆ? ನಾನು ಕಂಡಂತೆ ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ. ನೇಮಕಾತಿ ಪತ್ರದಲ್ಲಿ ಬರೀ ಕನ್ವೇಯನ್ಸ್ ಎಂದಿದ್ದು, ಅದು ಕರ್ತವ್ಯದ ಪ್ರಯಾಣಕ್ಕೋ ಮನೆಯಿಂದ ಕಚೇರಿಗೆ ಬರುವುದಕ್ಕೋ ಎಂಬುದು ಸ್ಪಷ್ಟವಾಗಿರುವುದಿಲ್ಲ. ಎರಡನೆಯದಕ್ಕೆ ಇದ್ದ ತಿಂಗಳಿಗೆ 1,600 ರೂಪಾಯಿಯ ವಿನಾಯಿತಿ 2018ರಲ್ಲೇ ರದ್ದಾಗಿದ್ದು, ಈಗ ಅಂಗವಿಕಲ ನೌಕರರಿಗೆ ಮಾತ್ರ ಉಳಿದಿದೆ. ಇನ್ನೊಂದು ಕಾರಣ, ನೌಕರರು ಖರ್ಚಿನ ದಾಖಲೆಯನ್ನೇ ಕೊಟ್ಟಿರುವುದಿಲ್ಲ. ಈ ವರ್ಷದಿಂದಲೇ ಅವರು ಕಂಪನಿಯನ್ನು ಕೇಳಿ, ಭತ್ಯೆ ಕ್ಷೇತ್ರಕಾರ್ಯದ ಪ್ರಯಾಣಕ್ಕೆಂದು ಪತ್ರದಲ್ಲಿ ಬರೆಸಿಕೊಳ್ಳಬೇಕು, ಅಥವಾ ಅದನ್ನು ಬಿಲ್ಲಿನ ಆಧಾರದ ಮರುಪಾವತಿಯಾಗಿ ಬದಲಾಯಿಸಿಕೊಳ್ಳಬೇಕು. ಜೊತೆಗೆ ದಿನಾಂಕ, ಹೋದ ಊರು, ಕಿಲೋಮೀಟರ್, ಖರ್ಚು ಇವಿಷ್ಟನ್ನು ಬರೆದಿಡುವ ಪ್ರಯಾಣ ಪುಸ್ತಕ ಅವರ ಬಳಿ ಇರಲೇಬೇಕು. ಮೆಡಿಕಲ್ ರೆಪ್‌ಗಳು ಕಂಪನಿಗೆ ಹೇಗಿದ್ದರೂ ಕೊಡುವ ದೈನಂದಿನ ವರದಿಯಲ್ಲಿ ಊರು ಮತ್ತು ಭೇಟಿಯ ವಿವರ ಇರುವುದರಿಂದ ಈ ಕೆಲಸದ ಅರ್ಧ ಆಗಲೇ ಆಗಿರುತ್ತದೆ.

2025-26ಕ್ಕೆ, ಅಂದರೆ ಫಾರ್ಮ್ 16 ಕೈಗೆ ಬಂದಾಗಿರುವ ವರ್ಷಕ್ಕೆ, ಅವರು ರಿಟರ್ನಿನಲ್ಲೇ ಈ ವಿನಾಯಿತಿಯನ್ನು ಕೇಳಬಹುದು. ಕಂಪನಿ ತಪ್ಪಾಗಿ ತೆರಿಗೆ ಹಿಡಿದ ಮಾತ್ರಕ್ಕೆ ನೌಕರನ ಹಕ್ಕು ಹೋಗುವುದಿಲ್ಲ. ಆದರೆ ಫಾರ್ಮ್ 16ಕ್ಕೂ ರಿಟರ್ನಿಗೂ ಅಂತರ ಕಂಡಾಗ ಇಲಾಖೆಯ ಗಣಕ ವ್ಯವಸ್ಥೆ ಅದನ್ನು ಗುರುತಿಸುವ ಸಾಧ್ಯತೆ ಹೆಚ್ಚು. ಭತ್ಯೆ ಕರ್ತವ್ಯಕ್ಕಾಗಿಯೇ ಎಂದು ಕಂಪನಿಯಿಂದ ಒಂದು ಪತ್ರ, ಪ್ರವಾಸದ ವರದಿಗಳು, ಇಂಧನದ ಬಿಲ್ಲುಗಳು ಕೈಯಲ್ಲಿದ್ದರೆ ಮಾತ್ರ ಈ ದಾರಿ ಹಿಡಿಯಿರಿ ಎಂದು ನಾನು ಹೇಳುತ್ತೇನೆ. ಭಾನುವಾರದ ಸ್ವಂತ ಓಡಾಟದ ಪೆಟ್ರೋಲನ್ನು ಅದರಲ್ಲಿ ಸೇರಿಸಬಾರದು. 10,000 ಕೊಟ್ಟ ತಿಂಗಳಲ್ಲಿ 7,000 ಮಾತ್ರ ಖರ್ಚಾಗಿದ್ದರೆ ಉಳಿದ 3,000ಕ್ಕೆ ತೆರಿಗೆ ಕಟ್ಟಬೇಕು. ಇನ್ನು, ಕಂಪನಿ ಯಾವ ಭತ್ಯೆಯನ್ನೂ ಕೊಡದೆ ನೌಕರ ಸ್ವಂತ ಜೇಬಿನಿಂದಲೇ ಖರ್ಚು ಮಾಡುತ್ತಿದ್ದರೆ ಅವನಿಗೆ ಕಾನೂನಿನಲ್ಲಿ ಯಾವ ಪರಿಹಾರವೂ ಇಲ್ಲ. ಇದು ಕಠಿಣ ನಿಯಮ, ಬದಲಾಗಬೇಕಾದ ನಿಯಮ ಎಂದೇ ನನ್ನ ಅಭಿಪ್ರಾಯ, ಆದರೆ ಇಂದಿನ ಸ್ಥಿತಿ ಅದೇ.

ಈಗ ನಿಮ್ಮ ವಿಷಯ. ನಿಮ್ಮ 2025-26 ಎರಡು ಭಾಗಗಳಾಗಿ ಒಡೆದಿದೆ. ಏಪ್ರಿಲ್‌ನಿಂದ ಜುಲೈವರೆಗಿನ 4,40,000 ರೂಪಾಯಿ ಸಂಬಳ. ನಾಲ್ಕೇ ತಿಂಗಳಾದರೂ ಅದರಿಂದ ಪ್ರಮಾಣಿತ ಕಡಿತದ 75,000 ಪೂರ್ತಿಯಾಗಿ ಕಳೆಯುತ್ತದೆ, ತಿಂಗಳ ಲೆಕ್ಕದಲ್ಲಿ ಕತ್ತರಿಸುವಂತಿಲ್ಲ. ಉಳಿಯುವುದು 3,65,000. ಆಗಸ್ಟ್‌ನಿಂದ ಮಾರ್ಚ್‌ವರೆಗಿನ 11,20,000 ರೂಪಾಯಿ ವೃತ್ತಿಯ ಆದಾಯ. ಇದಕ್ಕೆ ನಿಮ್ಮ ಮುಂದೆ ಎರಡು ದಾರಿಗಳಿವೆ.

ಮೊದಲನೆಯದು ವಾಸ್ತವ ಖರ್ಚಿನ ಲೆಕ್ಕ. ಕಲಂ 37(1) ಹೇಳುವುದೇನೆಂದರೆ, ಖರ್ಚು ಸಂಪೂರ್ಣವಾಗಿ ಮತ್ತು ವೃತ್ತಿಗಾಗಿಯೇ ಮಾಡಿದ್ದಾಗಿರಬೇಕು, ಅದು ಸ್ವಂತ ಖರ್ಚಾಗಿರಬಾರದು, ಬಹುಕಾಲ ಉಳಿಯುವ ಆಸ್ತಿಯ ಖರೀದಿಯೂ ಆಗಿರಬಾರದು. ಇಂಟರ್‌ನೆಟ್, ಕೆಲಸಕ್ಕೆ ಬಳಸುವ ಸಾಫ್ಟ್‌ವೇರ್ ಚಂದಾ, ಮೀಟಿಂಗಿಗೆ ಬೆಂಗಳೂರಿಗೆ ಹೋಗಿಬಂದ ರೈಲು ಮತ್ತು ವಸತಿಯ ಖರ್ಚು, ಬೆಸ್ಕಾಂ ಬಿಲ್ಲಿನಲ್ಲಿ ಕೆಲಸದ ಕೋಣೆಗೆ ಸಲ್ಲುವ ನ್ಯಾಯವಾದ ಪಾಲು, ಇವೆಲ್ಲ ಕಳೆಯುತ್ತವೆ. ಸ್ವಂತ ಮನೆಯ ಕೋಣೆಗೆ ನಿಮಗೆ ನೀವೇ ಬಾಡಿಗೆ ಕಟ್ಟಿಕೊಂಡಂತೆ ತೋರಿಸಲು ಬರುವುದಿಲ್ಲ. ಲ್ಯಾಪ್‌ಟಾಪ್ ಆಸ್ತಿಯಾದ್ದರಿಂದ ಅದರ ಪೂರ್ಣ ಬೆಲೆ ಒಮ್ಮೆಗೇ ಕಳೆಯದು. ಕಂಪ್ಯೂಟರಿಗೆ ವರ್ಷಕ್ಕೆ ಶೇ 40ರ ಸವಕಳಿ, ಅಂದರೆ ಬಳಸಿದಂತೆ ಬೆಲೆ ಇಳಿಯುವುದಕ್ಕೆ ವರ್ಷವರ್ಷ ಕೊಡುವ ಕಡಿತ, ಸಿಗುತ್ತದೆ. ನೀವು ಖರೀದಿಸಿದ್ದು ನವೆಂಬರ್ ಕೊನೆಯಲ್ಲಾಗಿದ್ದು, ಮಾರ್ಚ್ 31ರೊಳಗೆ ಅದರ ಬಳಕೆ 180 ದಿನ ಮುಟ್ಟದ ಕಾರಣ ಮೊದಲ ವರ್ಷ ಅರ್ಧ ದರ, ಅಂದರೆ ಶೇ 20, ಒಟ್ಟು 17,000 ರೂಪಾಯಿ ಮಾತ್ರ. ಮಕ್ಕಳ ಪಾಠಕ್ಕೂ ಅದೇ ಲ್ಯಾಪ್‌ಟಾಪ್ ಬಳಕೆಯಾಗುತ್ತಿದ್ದರೆ ಅದರಲ್ಲೂ ಒಂದು ಪಾಲನ್ನು ಬಿಡಬೇಕಾಗುತ್ತದೆ.

ಇನ್ವರ್ಟರಿನ ವಿಷಯದಲ್ಲಿ ನನಗೆ ಬೇಸರವಾಗುತ್ತದೆ. ಅದು ನಿಜವಾದ ವೃತ್ತಿ ಖರ್ಚು, ಬ್ಯಾಂಕ್ ಮೂಲಕ ಕೊಟ್ಟಿದ್ದರೆ ಶೇ 15ರ ದರದಲ್ಲಿ ಸವಕಳಿ ಸಿಗುತ್ತಿತ್ತು. ಆದರೆ ಒಂದು ದಿನದಲ್ಲಿ ಒಬ್ಬರಿಗೆ 10,000 ರೂಪಾಯಿ ಮೀರಿ ನಗದು ಕೊಟ್ಟು ಕೊಂಡ ಆಸ್ತಿಯ ಬೆಲೆಯನ್ನು ಕಲಂ 43(1) ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ; ದಿನನಿತ್ಯದ ಖರ್ಚುಗಳಿಗೂ ಇದೇ ಮಿತಿಯನ್ನು ಕಲಂ 40ಎ(3) ಹಾಕಿದೆ. ನಮ್ಮ ಊರಿನ ಅಂಗಡಿಗಳಲ್ಲಿ ನಗದು ಕೊಟ್ಟರೆ ಬೆಲೆ ಇಳಿಸುವ ರೂಢಿ ಇರುವುದರಿಂದ ವೈದ್ಯರು, ಎಂಜಿನಿಯರ್‌ಗಳು ಕೂಡ ಹೀಗೆ ಕಡಿತ ಕಳೆದುಕೊಳ್ಳುವುದನ್ನು ಪ್ರತಿ ವರ್ಷ ನೋಡುತ್ತಿದ್ದೇನೆ.

ಕನ್ನಡಕದ ಬಗ್ಗೆ ನಿಮಗೆ ಯಾರೋ ಭರವಸೆ ಕೊಟ್ಟಿರಬಹುದು. ಹಿರಿಯ ವಕೀಲ ಶಾಂತಿ ಭೂಷಣ್ ಅವರು ತಮ್ಮ ಹೃದಯ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ವೃತ್ತಿಯ ಖರ್ಚೆಂದು ಕಳೆಯಬೇಕೆಂದು ಕೇಳಿದಾಗ ದೆಹಲಿ ಹೈಕೋರ್ಟ್ 2011ರಲ್ಲಿ ಒಪ್ಪಲಿಲ್ಲ. ಆರೋಗ್ಯವಾದ ದೇಹ ಎಲ್ಲ ಕೆಲಸಕ್ಕೂ ಬೇಕು, ಜೀವನಕ್ಕೂ ಬೇಕು, ಆದ್ದರಿಂದ ಅದು ಕೇವಲ ವೃತ್ತಿಗಾಗಿ ಮಾಡಿದ ಖರ್ಚಲ್ಲ ಎಂಬುದು ಅದರ ತಿರುಳು. ಕನ್ನಡಕ, ಬೆನ್ನುನೋವಿನ ಚಿಕಿತ್ಸೆ, ಮೀಟಿಂಗಿಗೆಂದು ಕೊಂಡ ಒಳ್ಳೆಯ ಬಟ್ಟೆ ಇವೆಲ್ಲ ಇದೇ ಸಾಲಿನವು.

ಎರಡನೆಯ ದಾರಿ ಕಲಂ 44ಎಡಿಎ. ವೈದ್ಯಕೀಯ, ಕಾನೂನು, ಎಂಜಿನಿಯರಿಂಗ್, ಲೆಕ್ಕಪರಿಶೋಧನೆಯಂತಹ ನಿರ್ದಿಷ್ಟ ವೃತ್ತಿಗಳವರು, ವೃತ್ತಿಯಿಂದ ವರ್ಷದಲ್ಲಿ ಬಂದ ಒಟ್ಟು ಹಣ 50 ಲಕ್ಷದೊಳಗಿದ್ದರೆ, ಅದರ ಅರ್ಧವನ್ನು ಲಾಭವೆಂದು ಘೋಷಿಸಬಹುದು. ನಗದು ಶೇ 5 ಮೀರದಿದ್ದರೆ ಈ ಮಿತಿ 75 ಲಕ್ಷ. ಮಾಹಿತಿ ತಂತ್ರಜ್ಞಾನವೂ ಅಧಿಸೂಚಿತ ವೃತ್ತಿಯಾಗಿರುವುದರಿಂದ ನೀವು ಇದರಲ್ಲಿ ಸೇರುತ್ತೀರಿ. ಖರ್ಚೆಲ್ಲ ಉಳಿದರ್ಧದಲ್ಲಿ ಅಡಗಿದೆಯೆಂದು ಕಾನೂನು ಭಾವಿಸುವುದರಿಂದ ಅದರ ಮೇಲೆ ಮತ್ತೆ ಲ್ಯಾಪ್‌ಟಾಪ್, ಇಂಟರ್‌ನೆಟ್ ಎಂದು ಕಳೆಯುವಂತಿಲ್ಲ. ಹಾಗೆ ಎರಡೂ ಕಡೆ ಕಳೆದ ರಿಟರ್ನುಗಳು ಆಗಾಗ ನನ್ನ ಕಣ್ಣಿಗೆ ಬೀಳುತ್ತವೆ.

ನಿಮ್ಮ ಲೆಕ್ಕ ಹೀಗಾಗುತ್ತದೆ. 44ಎಡಿಎ ಅಡಿ ವೃತ್ತಿಯ ಲಾಭ 5,60,000, ಸಂಬಳದ 3,65,000 ಸೇರಿ 9,25,000. ಹೊಸ ಪದ್ಧತಿಯಲ್ಲಿ ತೆರಿಗೆ ಇಲ್ಲ. ಕಂಪನಿ ಹಿಡಿದ 1,12,000 ರೂಪಾಯಿ ಟಿಡಿಎಸ್ ಪೂರ್ತಿಯಾಗಿ ಮರಳಿ ಬರುತ್ತದೆ. ವಾಸ್ತವ ಲೆಕ್ಕದಲ್ಲಿ, ನಿಮ್ಮ ಖರ್ಚನ್ನು ಧಾರಾಳವಾಗಿ 1,20,000 ಎಂದಿಟ್ಟುಕೊಂಡರೂ ಒಟ್ಟು ಆದಾಯ 13,65,000 ಆಗುತ್ತದೆ, ಸೆಸ್ ಸೇರಿ 88,140 ರೂಪಾಯಿ ತೆರಿಗೆ ಬೀಳುತ್ತದೆ. ನೀವು ಇಷ್ಟು ದಿನ ಚಿಂತಿಸಿದ ಇನ್ವರ್ಟರ್, ಕನ್ನಡಕದ ಪ್ರಶ್ನೆಗಳು ಮೊದಲ ದಾರಿ ಹಿಡಿದರೆ ಮಾತ್ರ ಏಳುತ್ತವೆ.

ಇದರ ಅಪಾಯಗಳನ್ನೂ ಹೇಳಬೇಕು. ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ನಿಮ್ಮ ಆದಾಯವನ್ನು 11 ಲಕ್ಷವೆಂದಲ್ಲ, ರಿಟರ್ನಿನಲ್ಲಿರುವ 5,60,000 ಎಂದೇ ಎಣಿಸಬಹುದು. ಸಾಲದ ಯೋಜನೆ ಇದ್ದರೆ ಹೆಚ್ಚಿನ ಲಾಭ ಘೋಷಿಸಲು ಕಾನೂನಿನ ಅಡ್ಡಿಯಿಲ್ಲ. ಅರ್ಧಕ್ಕಿಂತ ಕಡಿಮೆ ಲಾಭ ತೋರಿಸಿದರೆ, ಒಟ್ಟು ಆದಾಯ ತೆರಿಗೆಯ ಮಿತಿ ದಾಟಿದಾಗ ಲೆಕ್ಕ ಪುಸ್ತಕ ಮತ್ತು ಆಡಿಟ್ ಎರಡೂ ಕಡ್ಡಾಯ. ಬಿಲ್ಲಿನ ಒಟ್ಟು ಮೊತ್ತ ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ. ಈಗಿನ ದರದಲ್ಲಿ ನಿಮ್ಮದು 16,80,000 ಆಗುವುದರಿಂದ ಮುಂದಿನ ಏರಿಕೆಗೆ ಸಹಿ ಹಾಕುವ ಮುನ್ನ ಇದನ್ನು ನೋಡಿಕೊಳ್ಳಿ.

ಇವೆಲ್ಲಕ್ಕಿಂತ ಮುಖ್ಯವಾದ ಅಪಾಯವನ್ನು ನಿಮ್ಮ ಪತ್ರದ ಒಂದು ವಾಕ್ಯವೇ ತೋರಿಸುತ್ತದೆ: ಕೆಲಸ, ಮ್ಯಾನೇಜರ್, ಸಮಯ ಎಲ್ಲವೂ ಮೊದಲಿನಂತೆಯೇ ಇವೆ. ಟಿಡಿಎಸ್ ಅನ್ನು ಸಂಬಳದ ಕಲಂ 192ರ ಬದಲು ವೃತ್ತಿ ಶುಲ್ಕದ 194ಜೆ ಅಡಿ ಹಿಡಿದ ಮಾತ್ರಕ್ಕೆ ನೌಕರಿ ವೃತ್ತಿಯಾಗಿಬಿಡುವುದಿಲ್ಲ. ಉಪ್ಪು ತಯಾರಿಸುವ ಅಗರಿಯಾಗಳು ಕಾರ್ಮಿಕರೇ ಎಂಬ ಪ್ರಶ್ನೆ ಎದ್ದ ಧ್ರಾಂಗಧ್ರಾ ಕೆಮಿಕಲ್ ವರ್ಕ್ಸ್ ಪ್ರಕರಣದಲ್ಲಿ, 1950ರ ದಶಕದಲ್ಲೇ, ಕೆಲಸವನ್ನು ಹೇಗೆ ಮಾಡಬೇಕೆಂದು ನಿಯಂತ್ರಿಸುವ ಅಧಿಕಾರ ಯಾರಿಗಿದೆ ಎಂಬುದನ್ನು ಸುಪ್ರೀಂ ಕೋರ್ಟ್ ಮುಖ್ಯ ಒರೆಗಲ್ಲಾಗಿಸಿತು. ದಾವಣಗೆರೆಯಂತಹ ವೈದ್ಯಕೀಯ ಕಾಲೇಜುಗಳ ಊರಿನಲ್ಲಿ ಈ ಪ್ರಶ್ನೆ ನನಗೆ ಹೊಸದಲ್ಲ. ಹಲವು ನರ್ಸಿಂಗ್ ಹೋಮ್‌ಗಳಿಗೆ ಹೋಗಿ, ತಾವೇ ಸಮಯ ನಿಗದಿಪಡಿಸಿ, ರೋಗಿಗಳ ಲೆಕ್ಕದಲ್ಲಿ ಶುಲ್ಕ ಪಡೆಯುವ ವೈದ್ಯರು ನಿಸ್ಸಂದೇಹವಾಗಿ ವೃತ್ತಿನಿರತರು. ಒಂದೇ ಆಸ್ಪತ್ರೆಯಲ್ಲಿ ಹಾಜರಿ ಹಾಕಿ, ರಜೆಗೆ ಅರ್ಜಿ ಕೊಟ್ಟು, ತಿಂಗಳಿಗೆ ನಿಗದಿತ ಮೊತ್ತ ಪಡೆಯುವವರ ಸ್ಥಿತಿ ಅಷ್ಟು ಸ್ಪಷ್ಟವಲ್ಲ. ನಿಮ್ಮದನ್ನು ಸಂಬಳವೆಂದು ಅಧಿಕಾರಿ ತೀರ್ಮಾನಿಸಿದರೆ 44ಎಡಿಎ ಕೈತಪ್ಪಿ, ಬಾಕಿ ತೆರಿಗೆಯೂ ಬಡ್ಡಿಯೂ ಬೀಳುತ್ತವೆ. ಆದ್ದರಿಂದ ಒಪ್ಪಂದದಲ್ಲಿ ಕೆಲಸದ ವ್ಯಾಪ್ತಿ, ಬೇರೆ ಗ್ರಾಹಕರ ಕೆಲಸ ಮಾಡುವ ಸ್ವಾತಂತ್ರ್ಯ, ನಿಮ್ಮದೇ ಸಾಧನಗಳ ಬಳಕೆ ಇವು ಬರಹದಲ್ಲಿರಲಿ, ನಡವಳಿಕೆಯಲ್ಲೂ ಇರಲಿ, ಪ್ರತಿ ತಿಂಗಳೂ ನೀವೇ ಬಿಲ್ ಕಳುಹಿಸಿ. ಕಂಪನಿ ಇದಕ್ಕೆ ಒಪ್ಪದಿದ್ದರೆ ಮತ್ತೆ ನೌಕರಿಗೇ ಸೇರಿಸಿಕೊಳ್ಳಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ತಿಂಗಳಿಗೆ ಹೆಚ್ಚಾದ 30,000ಕ್ಕೆ ಎದುರಾಗಿ ಭವಿಷ್ಯ ನಿಧಿಗೆ ಕಂಪನಿ ಕಟ್ಟುತ್ತಿದ್ದ ಪಾಲು, ಗ್ರಾಚ್ಯುಟಿ, ಸಂಬಳ ಸಹಿತ ರಜೆಗಳನ್ನು ನೀವು ಬಿಟ್ಟುಕೊಟ್ಟಿದ್ದೀರಿ. ತೆರಿಗೆಯ ಉಳಿತಾಯವೊಂದನ್ನೇ ನೋಡಿ ಈ ಬದಲಾವಣೆಯನ್ನು ಲಾಭವೆಂದು ಎಣಿಸಬೇಡಿ.

ಕೊನೆಯದಾಗಿ ಕಳೆದ ವರ್ಷದ ರಿಟರ್ನ್. ನೌಕರರೊಬ್ಬರ ರಿಟರ್ನಿನಲ್ಲಿ ಪೆಟ್ರೋಲ್, ಮೊಬೈಲ್, ಬಟ್ಟೆಗೆ ಕಡಿತ ಕೇಳುವ ಜಾಗವೇ ಇಲ್ಲದಿರುವುದರಿಂದ, ತುಂಬಿಕೊಟ್ಟವರು ಅವನ್ನು ಬೇರೆ ಯಾವುದೋ ಕಲಮಿನಲ್ಲಿ, ಬಹುಶಃ ದೇಣಿಗೆ, ವಿಮೆ ಅಥವಾ ಮನೆ ಬಾಡಿಗೆಯೆಂದು, ತೋರಿಸಿರಬೇಕು. 2025ರ ಜುಲೈನಲ್ಲಿ ಆದಾಯ ತೆರಿಗೆ ಇಲಾಖೆಯು ಇಂತಹ ಸುಳ್ಳು ಕಡಿತಗಳ ಬಗ್ಗೆ ದೇಶದ ಹಲವೆಡೆ ಪರಿಶೀಲನೆ ನಡೆಸಿತು. ರಿಟರ್ನ್ ತುಂಬಿಕೊಡುವ ಮಧ್ಯವರ್ತಿಗಳೂ ಅದರಲ್ಲಿ ಸಿಕ್ಕಿಬಿದ್ದರು. ತುಂಬಿದವರು ಯಾರೇ ಆಗಿರಲಿ, ಹೊಣೆ ಪ್ಯಾನ್ ಸಂಖ್ಯೆಯ ಮಾಲೀಕರದು. ತಪ್ಪು ಮಾಹಿತಿ ಕೊಟ್ಟು ಆದಾಯ ಮುಚ್ಚಿಟ್ಟಿದ್ದು ಸಾಬೀತಾದರೆ ಕಲಂ 270ಎ ಅಡಿ, ತಪ್ಪಿಸಿದ ತೆರಿಗೆಯ ಶೇ 200ರಷ್ಟು ದಂಡ ಬೀಳಬಹುದು.

ಭಯಪಟ್ಟು ಸುಮ್ಮನಿರುವ ಬದಲು ನಿಮ್ಮ ಯಜಮಾನರು ಈ ವಾರವೇ ಇ-ಫೈಲಿಂಗ್ ಪೋರ್ಟಲಿನಿಂದ 2024-25ರ ರಿಟರ್ನಿನ ಪ್ರತಿಯನ್ನು ಇಳಿಸಿಕೊಂಡು, ಪ್ರತಿ ಕಡಿತದ ಎದುರು ತಮ್ಮ ಬಳಿ ದಾಖಲೆ ಇದೆಯೇ ಎಂದು ಗುರುತು ಹಾಕಲಿ. ದಾಖಲೆ ಇಲ್ಲದ್ದನ್ನು ಕೈಬಿಟ್ಟು ಪರಿಷ್ಕೃತ ಲೆಕ್ಕದೊಂದಿಗೆ ಐಟಿಆರ್-ಯು ಎಂಬ ಅಪ್‌ಡೇಟೆಡ್ ರಿಟರ್ನ್ ಸಲ್ಲಿಸಬಹುದು. 2027ರ ಮಾರ್ಚ್ 31ರೊಳಗೆ ಸಲ್ಲಿಸಿದರೆ ಬಾಕಿ ತೆರಿಗೆ ಮತ್ತು ಬಡ್ಡಿಯ ಮೇಲೆ ಶೇ 25ರಷ್ಟು ಹೆಚ್ಚುವರಿ ಕಟ್ಟಬೇಕು, ಅದರ ಮುಂದಿನ ವರ್ಷವಾದರೆ ಅದು ಶೇ 50 ಆಗುತ್ತದೆ. ನೋಟಿಸ್ ಬಂದು ಪ್ರಕ್ರಿಯೆ ಆರಂಭವಾದ ಮೇಲೆ ಈ ದಾರಿ ಇಷ್ಟು ಸುಲಭವಾಗಿ ಉಳಿಯುವುದಿಲ್ಲ. ಪೋರ್ಟಲಿನ ಪಾಸ್‌ವರ್ಡ್ ಮತ್ತು ಅಲ್ಲಿ ನೋಂದಾಯಿಸಿದ ಮೊಬೈಲ್ ಸಂಖ್ಯೆ ಇನ್ನೂ ರಿಟರ್ನ್ ತುಂಬಿಕೊಟ್ಟ ವ್ಯಕ್ತಿಯ ಹತ್ತಿರವೇ ಇದ್ದರೆ ಮೊದಲು ಅವೆರಡನ್ನೂ ಬದಲಾಯಿಸಿಕೊಳ್ಳಿ. ಇಲಾಖೆಯ ನೋಟಿಸುಗಳು ಬರುವುದು ಆ ಪೋರ್ಟಲ್ ಖಾತೆಗೇ.